ಎಮ್ಮೆಯಿಲ್ಲದ ಪ್ರೇಮಕಥೆ

ಸಿಂದಗಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಶ್ರೀಶೈಲಪ್ಪನಿಗೆ ಇಬ್ಬರು ದೇವರು. ಒಬ್ಬ ಮನೆದೇವರು, ಅವನಿಗೆ ಸೋಮವಾರ ಒಂದು ಕಾಯಿ ಒಡೆದರೆ ಮುಗಿಯಿತು. ಇನ್ನೊಬ್ಬರು ಮದ್ರಾಸಿನಲ್ಲಿದ್ದ ಸಿನೆಮಾ ನಿರ್ದೇಶಕ ಹಣಮಂತ್ರಾಯರು. ಅವರಿಗೆ ಮಾತ್ರ ದಿನವೂ ಪೂಜೆ. ಪೂಜೆಯೆಂದರೆ, ಎತ್ತಿನ ಬಾಯಿಗೆ ಬಿದಿರಿನ ಗೊಟ್ಟ ಹಾಕಿ ಔಷಧ ಕುಡಿಸುತ್ತ, ಎತ್ತಿನ ಯಜಮಾನನಿಗೆ ‘ಹಗೇವು’ ಸಿನೆಮಾದ ಕಥೆ ಹೇಳುವುದು. ಎತ್ತಿನ ಮೂಗುದಾರ ಹಿಡಿದು ನಿಂತವನು ಎಲ್ಲಿಗೆ ಓಡಿಹೋದಾನು? ಪಾಪ, ಕೇಳುತ್ತಿದ್ದ.

ನಾನು ಅದೇ ದವಾಖಾನೆಯಲ್ಲಿ ಗುಮಾಸ್ತನಾಗಿದ್ದೆ. ಆ ಕಥೆಯನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಸಿನೆಮಾ ನೋಡದೆಯೇ ಅದರ ಮೇಲೆ ಪರೀಕ್ಷೆ ಬರೆದು ಪಾಸಾಗಬಹುದಿತ್ತು.

ಹಣಮಂತ್ರಾಯರು ಮುದ್ದೇಬಿಹಾಳ ಕಡೆಯವರು. ಅರವತ್ನಾಲ್ಕರಲ್ಲಿ ‘ಹಗೇವು’ ತೆಗೆದರು. ನೆಲದೊಳಗೆ ಜೋಳ ಹೂತಿಡುವ ಹಗೇವಿಗೆ ಕಾವಲು ಕೂತ ಒಬ್ಬ ಮುದುಕಿಯ ಕಥೆ. ಹಾಡಿಲ್ಲ, ಹೊಡೆದಾಟವಿಲ್ಲ, ಬಣ್ಣವೂ ಇಲ್ಲ. ದಿಲ್ಲಿಯಿಂದ ಪದಕ ಬಂತು, ಪೇಪರಿನವರು ಕೊಂಡಾಡಿದರು, ಜನ ಮಾತ್ರ ಬರಲಿಲ್ಲ. ಜನರ ಪರವಾಗಿ ಶ್ರೀಶೈಲಪ್ಪನೊಬ್ಬನೇ ವಿಜಾಪುರಕ್ಕೆ ಹೋಗಿ ಒಂಬತ್ತು ಸಲ ನೋಡಿ ಬಂದ. ಆಮೇಲೆ ಹಣಮಂತ್ರಾಯರು ಇನ್ನೂ ನಾಲ್ಕು ಸಿನೆಮಾ ಮಾಡಿದರು. ಪ್ರತಿಯೊಂದೂ ಹಿಂದಿನದಕ್ಕಿಂತ ಸ್ವಲ್ಪ ಸಪ್ಪೆ. ಶ್ರೀಶೈಲಪ್ಪ ಅದನ್ನು “ಆಳ ಹೆಚ್ಚಾಗೇದ, ನಮಗ ನಿಲುಕೂದಿಲ್ಲ” ಎಂದು ವಿವರಿಸುತ್ತಿದ್ದ.

ಎಪ್ಪತ್ನಾಲ್ಕರಲ್ಲಿ ಮುದ್ದೇಬಿಹಾಳದವರು ಊರ ಮಗನಿಗೆ ಸತ್ಕಾರ ಇಟ್ಟುಕೊಂಡರು. ಶ್ರೀಶೈಲಪ್ಪ ರಜೆ ಹಾಕಿ, ತನ್ನಷ್ಟೇ ಉದ್ದದ ಹಾರ ಹಿಡಿದುಕೊಂಡು ಹೋದ. ಹಾರ ಹಾಕುವಾಗ ಅವರ ಕಿವಿಯ ಹತ್ತಿರ ಬಾಗಿ, “ಹಗೇವು ಒಂಬತ್ತ ಸಲ ನೋಡೇನ್ರಿ” ಅಂದ. ವೇದಿಕೆಯ ಮೇಲೆ ಕೂತು ಅವರನ್ನು ಹೊಗಳುತ್ತಿದ್ದ ಏಳು ಜನರಲ್ಲಿ ಒಬ್ಬರೂ ಆ ಸಿನೆಮಾ ನೋಡಿರಲಿಲ್ಲ. ಹಣಮಂತ್ರಾಯರು ಅವನ ಕೈ ಬಿಡಲೇ ಇಲ್ಲ. ಮರುದಿನ ಅವರು ಗುಲಬರ್ಗಾಕ್ಕೆ ಹೋಗಿ ಮದ್ರಾಸಿನ ರೈಲು ಹಿಡಿಯಬೇಕಿತ್ತು. ದಾರಿ ಸಿಂದಗಿಯ ಮೇಲೆಯೇ. ಮಧ್ಯಾಹ್ನದ ಊಟ ಶ್ರೀಶೈಲಪ್ಪನ ಮನೆಯಲ್ಲಿ ಎಂದು ಅಲ್ಲಿಯೇ ಠರಾವಾಯಿತು.

ಆ ಊಟಕ್ಕೆ ನನ್ನನ್ನೂ ಕರೆದಿದ್ದ. ಇಂದುಬಾಯಿ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ಪುಂಡಿಪಲ್ಲೆ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹಣಮಂತ್ರಾಯರು ನಾಲ್ಕು ರೊಟ್ಟಿ ತಿಂದರು. ಹದಿನೈದು ವರ್ಷ ಮದ್ರಾಸಿನಲ್ಲಿದ್ದು ಅವರ ಮಾತು ‘ಐತಿ’ಯಿಂದ ‘ಇದೆ’ಗೆ ಬಂದಿತ್ತು; ಹೊಟ್ಟೆ ಮಾತ್ರ ಇನ್ನೂ ಮುದ್ದೇಬಿಹಾಳದ್ದೇ.

“ನಿಮ್ಮಿಬ್ಬರ ಮದುವೆ ಹೇಗಾಯಿತಮ್ಮ?” ಎಂದು ಕೇಳಿದರು.

“ಎಮ್ಮಿ ಮಾಡಿಸ್ತ್ರಿ” ಅಂದಳು ಇಂದುಬಾಯಿ, ರೊಟ್ಟಿ ಮಗುಚಿ ಹಾಕುತ್ತ.

ಅವಳು ಹೇಳಿದ್ದನ್ನು ಅವಳಂತೆ ಹೇಳಲು ನನ್ನಿಂದಾಗದು. ಸಂಗತಿ ಇಷ್ಟು. ಶ್ರೀಶೈಲಪ್ಪ ತಾಂಬಾಕ್ಕೆ ಹೆಣ್ಣು ನೋಡಲು ಹೋಗಿದ್ದು ಇಂದುಬಾಯಿಯನ್ನಲ್ಲ, ಅವಳ ಅಕ್ಕ ಶಂಕ್ರೆವ್ವನನ್ನು. ಸೋದರಮಾವನ ಟೆರಿಲಿನ್ ಅಂಗಿ ಇಸಕೊಂಡು ಹಾಕಿದ್ದ. ಪಡಸಾಲೆಯಲ್ಲಿ ಚುರುಮುರಿ ಸುಸಲಾ ಬಂತು, ಚಹಾ ಬಂತು, ಶಂಕ್ರೆವ್ವ ಇನ್ನೇನು ಬರಬೇಕು, ಅಷ್ಟರಲ್ಲಿ ಹಿತ್ತಲಿನಿಂದ ಎಮ್ಮೆ ಒದರಿತು. ಈಯಲು ಹತ್ತಿದ ಎಮ್ಮೆ. ಕರುವಿನ ಕಾಲು ಒಳಗೆ ಮಡಚಿಕೊಂಡಿತ್ತು. ಹೆಣ್ಣಿನ ತಂದೆ ಗುರಪ್ಪ ಬೀಗರನ್ನು ಬಿಟ್ಟು ಓಡಿದರು. ಎರಡು ನಿಮಿಷ ಬಿಟ್ಟು ವರ ಮಹಾಶಯನೂ ಎದ್ದು ಅವರ ಹಿಂದೆ ಹೋದ. ತೋಳು ಮಡಚಿ, ಸಾಬೂನು ಎಲ್ಲಿ, ಕುಸುಬಿ ಎಣ್ಣೆ ಎಲ್ಲಿ ಎಂದು ಕೂಗಿದ. ಎಣ್ಣೆ ತಂದವಳು ತಂಗಿ. ಅವಳ ಕೈಗೆ ಎಮ್ಮೆಯ ಬಾಲ ಕೊಟ್ಟು, “ಗಟ್ಟಿ ಹಿಡಿ, ಬಿಟ್ಟೀ ಅಂದ್ರ ನನ್ನ ಮಾರಿಗೆ ಬಡಿತೈತಿ” ಅಂದ. ಅದು ಅವರಿಬ್ಬರ ಮೊದಲ ಮಾತು.

“ಹೆಣ್ಣ ನೋಡಾಕ ಬಂದೀರೋ ಎಮ್ಮಿ ನೋಡಾಕ ಬಂದೀರೋ?” ಅಂದಳು ಅವಳು. ಅದು ಎರಡನೆಯದು.

ಒಂದೂವರೆ ತಾಸು ಹೆಣಗಿದ ಮೇಲೆ ಕರು ಬಂತು. ಹೆಗಲತನಕ ರಕ್ತ, ಲೋಳೆ ಮೆತ್ತಿಕೊಂಡು ನಿಂತ ವರನನ್ನು ಶಂಕ್ರೆವ್ವ ಬಾಗಿಲ ಸಂದಿಯಿಂದ ನೋಡಿ, ಮೂಗಿಗೆ ಸೆರಗು ಹಿಡಿದು, “ನಾ ಒಲ್ಲೆ” ಎಂದು ಒಳಗೆ ಓಡಿದಳು. ಗುರಪ್ಪ ನಾಚಿ ನೆಲ ನೋಡಿದರು. ಕೈ ತೊಳೆಯಲು ತಂಬಿಗೆಯಿಂದ ನೀರು ಹಾಕುತ್ತಿದ್ದ ಇಂದುಬಾಯಿ, “ಅಕ್ಕ ಒಲ್ಲೆ ಅಂದ್ಲು. ನನ್ನ ಯಾರೂ ಕೇಳಲಿಲ್ಲ” ಅಂದಳು. ತಾಂಬಾದಲ್ಲಿ ಅದಕ್ಕೂ ಮೊದಲು ಯಾವ ಹುಡುಗಿಯೂ ತಂದೆಯ ಎದುರು ಹಾಗೆ ಅಂದಿರಲಿಲ್ಲ. ನಂತರ ಅಂದ ಸುದ್ದಿಯೂ ಇಲ್ಲ. ಅಕ್ಕನ ಮದುವೆಯಾಗುವತನಕ ಒಂದೂವರೆ ವರ್ಷ ಕಾಯಬೇಕಾಯಿತು. ಆ ಒಂದೂವರೆ ವರ್ಷದಲ್ಲಿ ಶ್ರೀಶೈಲಪ್ಪ ಕರುವಿನ ಆರೋಗ್ಯ ನೋಡಲೆಂದು ಹನ್ನೊಂದು ಸಲ ತಾಂಬಾಕ್ಕೆ ಹೋದ. ಕರು ಗುಂಡುಕಲ್ಲಿನಂತಿತ್ತು. ಆದರೂ ಹನ್ನೊಂದು ಸಲವೂ ಅದರ ಬಾಯಿ ತೆಗೆಸಿ ನಾಲಿಗೆ ನೋಡಿದ.

ಹಣಮಂತ್ರಾಯರು ನಕ್ಕು ನಕ್ಕು ಕೆಮ್ಮಿದರು. ಎಡಗೈಯಿಂದಲೇ ಕಿಸೆಯ ಪುಸ್ತಕ ತೆಗೆದು ಬರೆದುಕೊಂಡರು. “ಶ್ರೀಶೈಲಪ್ಪ, ನನ್ನ ಮುಂದಿನ ಚಿತ್ರ ಇದೇ. ಒಂದಕ್ಷರ ಬದಲಾಯಿಸುವುದಿಲ್ಲ” ಎಂದರು.

ಕೊಟ್ಟ ಮಾತು ಅವರು ತಪ್ಪಲಿಲ್ಲವೆಂದೇ ಹೇಳಬೇಕು. ಬದಲಾಯಿಸಲು ಒಂದಕ್ಷರವನ್ನೂ ಉಳಿಸಿಕೊಳ್ಳಲಿಲ್ಲ.

ಮುಂದಿನ ಮೂರು ವರ್ಷ ಶ್ರೀಶೈಲಪ್ಪ ಸಿಂದಗಿಯಲ್ಲಿ ತಲೆ ಎತ್ತಿ ನಡೆದ. ತನ್ನ ಪಾತ್ರ ಯಾರು ಮಾಡಿದರೆ ಒಪ್ಪುತ್ತದೆ ಎಂದು ದವಾಖಾನೆಗೆ ಬಂದವರನ್ನೆಲ್ಲ ಕೇಳಿದ. ಎಮ್ಮೆಯ ಪಾತ್ರಕ್ಕೂ ಎರಡು ಮೂರು ಹೆಸರು ಸೂಚಿಸಿ ಮದ್ರಾಸಿಗೆ ಪತ್ರ ಬರೆದ. ಯಂಕಂಚಿಯ ಒಬ್ಬರ ಎಮ್ಮೆ ಕ್ಯಾಮೆರಾಕ್ಕೆ ಹೆದರುವುದಿಲ್ಲವೆಂದು ಅವನ ಅಂದಾಜು. ಉತ್ತರ ಬರಲಿಲ್ಲ. “ಕೆಲಸದಾಗ ಮುಳಗ್ಯಾರ” ಅಂದ.

ಎಪ್ಪತ್ತೇಳರಲ್ಲಿ ಸಿನೆಮಾ ಬಂತು. ಹೆಸರು ‘ನಗು ನಲ್ಲೆ ನಾಳೆಯೂ ನಗು’. ಪೋಸ್ಟರಿನಲ್ಲಿ ಬಿಳೀ ಬೂಟಿನ ನಾಯಕ, ಬೆಲ್‌ಬಾಟಮ್ ತೊಟ್ಟ ನಾಯಕಿ, ಇಬ್ಬರ ನಡುವೆ ಒಂದು ಹೃದಯ. ಎಮ್ಮೆ ಇರಲಿಲ್ಲ. “ಪೋಸ್ಟರಿನ್ಯಾಗ ಎಲ್ಲಾ ತೋರಿಸ್ತಾರೇನು? ಅದು ಗುಟ್ಟು” ಎಂದು ಶ್ರೀಶೈಲಪ್ಪ ನಮಗೆ ತಿಳಿಹೇಳಿದ.

ಟಾಕೀಜಿನ ಮಾಲಕ ಬಾಬುಲಾಲ ಮೊದಲ ದಿನದ ಮ್ಯಾಟಿನಿಗೆ ಶ್ರೀಶೈಲಪ್ಪನ ಮಂದಿಗೆಂದು ಮುಂದಿನ ಕುರ್ಚಿ ಕಾದಿಟ್ಟಿದ್ದ. ದವಾಖಾನೆಗೆ ದವಾಖಾನೆಯೇ ಎದ್ದು ಹೋಯಿತು. ಗಂಡನ ಊರಿನಿಂದ ಶಂಕ್ರೆವ್ವ ಬಂದಳು. ಆಕೆಯನ್ನು ಕರೆದುಕೊಂಡು ಇಂದುಬಾಯಿ ಹೆಂಗಸರ ಕಡೆ ಕೂತಳು. ನಾವು ಗಂಡಸರು ಈಚೆ. ನಡುವೆ ಎದೆಮಟ್ಟದ ಗೋಡೆ.

ಸಿನೆಮಾ ಶುರುವಾಯಿತು. ನಾಯಕ ಪರದೇಶದಲ್ಲಿ ಕಲಿತು ಬಂದ ಪಶುವೈದ್ಯ. ಅವನು ಪೂರ್ತಿ ಸಿನೆಮಾದಲ್ಲಿ ಒಂದು ದನವನ್ನೂ ಮುಟ್ಟಲಿಲ್ಲ. ನಾಯಕಿ ಜಮೀನ್ದಾರರ ಮಗಳು; ಹೊಲಕ್ಕೆ ಹೋಗುವಾಗಲೂ ತಂಪು ಕನ್ನಡಕ ಹಾಕುತ್ತಿದ್ದಳು. ಎಮ್ಮೆಯ ಜಾಗದಲ್ಲಿ ಬಿಳೀ ಜೂಲಿನ ನಾಯಿಮರಿ ಇತ್ತು. ಅದಕ್ಕೆ ಹೆರಿಗೆಯಲ್ಲ, ಕಾಲಿಗೆ ಮುಳ್ಳು. ನಾಯಕ ಮುಳ್ಳು ತೆಗೆದ ಕೂಡಲೇ ಇಬ್ಬರೂ ಒಂದು ಹೂದೋಟಕ್ಕೆ ಹೋಗಿ ಆರು ನಿಮಿಷ ಓಡಾಡಿದರು. ಸಿಂದಗಿಯ ಮುನ್ನೂರು ಜನಕ್ಕೆ, ಮುಳ್ಳು ತೆಗೆದದ್ದಕ್ಕೆ ಇಷ್ಟು ಸಂಭ್ರಮವೇಕೆಂದು ತಿಳಿಯಲಿಲ್ಲ. ಅಲ್ಲಿ ಕೂತವರ ಕಾಲಲ್ಲಿ ದಿನಕ್ಕೆರಡು ಮುಳ್ಳು ಮುರಿಯುತ್ತಿದ್ದವು.

ಅಕ್ಕನ ಪಾತ್ರ ಹೋಟೆಲಿನಲ್ಲಿ ಕುಣಿಯುವ ಹೆಂಗಸಾಗಿ, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದು ಬಂತು. ಗೋಡೆಯಾಚೆಯಿಂದ ಶಂಕ್ರೆವ್ವನ ದನಿ ಕೇಳಿಸಿತು: “ನಾ ಒಲ್ಲೆ ಅಂದಿದ್ದು ಖರೆ. ಇಷ್ಟ ತೆಳ್ಳನ ಸೀರಿ ಯಾವಾಗ ಉಟ್ಟಿದ್ದೆ?”

ಇಷ್ಟಾದರೂ ಶ್ರೀಶೈಲಪ್ಪ ಮುಖ ಕೆಡಿಸಿಕೊಂಡಿರಲಿಲ್ಲ. ಅರ್ಧ ತಾಸಿನ ನಂತರ ಪರದೆಯ ಮೇಲೆ ದವಾಖಾನೆಯ ಕಂಪೌಂಡರ್ ಬಂದ. ಹೆಸರು ಸೀಸೆಪ್ಪ. ಮೊಣಕಾಲ ಮೇಲಿನ ಧೋತರ, ಸೊಟ್ಟ ಟೋಪಿ, ಬಾಯಿ ತೆಗೆದರೆ “ಹೌದ್ರಿಯಪ್ಪಾ, ಇಲ್ರಿಯಪ್ಪಾ”. ಇಡೀ ಸಿನೆಮಾದಲ್ಲಿ ನಮ್ಮ ಮಾತು ಆಡುತ್ತಿದ್ದವನು ಅವನೊಬ್ಬನೇ; ಅವನು ಬಾಯಿ ತೆಗೆದಾಗಲೆಲ್ಲ ನಾಯಕ ನಾಯಕಿ ಮುಖ ಮುಖ ನೋಡಿ ನಗುತ್ತಿದ್ದರು. ಅವನು ಮೂರು ಸಲ ತಿಪ್ಪೆಗುಂಡಿಯಲ್ಲಿ ಬಿದ್ದ. ನಾಲ್ಕನೆಯ ಸಲ ಎಮ್ಮೆ ಒದ್ದು ಬೀಳಿಸಿತು. ಅಂತೂ ಎಮ್ಮೆ ಬಂದದ್ದು ಅಷ್ಟಕ್ಕೇ.

ನಾನು ಪಕ್ಕಕ್ಕೆ ತಿರುಗಲಿಲ್ಲ. ಶ್ರೀಶೈಲಪ್ಪ ಕುರ್ಚಿಯ ಕೈಯನ್ನು ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದನೆಂದು ಮಾತ್ರ ಗೊತ್ತು.

ಆಮೇಲೆ ಒಂದು ವಿಚಿತ್ರವಾಯಿತು. ನಾಯಕ ನಾಯಕಿ ಬಿಕ್ಕಳಿಸಿ ಅಳುವ ದೃಶ್ಯ ನಡೆದಿತ್ತು. ಗಂಡಸರು ಆಕಳಿಸುತ್ತಿದ್ದರು. ಹೆಂಗಸರ ಕಡೆ ಮಾತ್ರ ನಗೆಯೋ ನಗೆ. ಇಲ್ಲಿ ನಮಗೆ ಕಾಣದ್ದು ಅಲ್ಲಿ ಅವರಿಗೇನು ಕಂಡಿತು ಎಂದು ಗಂಡಸರು ಎದ್ದು ಇಣುಕಿದರು. ಹೆಂಗಸರಲ್ಲಿ ಅರ್ಧ ಜನ ಪರದೆಗೆ ಬೆನ್ನು ಹಾಕಿ ಕೂತಿದ್ದರು. ನಡುವೆ ಇಂದುಬಾಯಿ, ಎಮ್ಮೆಯ ಬಾಲ ಹೇಗೆ ಹಿಡಿದಿದ್ದೆ ಎಂದು ಶಂಕ್ರೆವ್ವನ ಜಡೆ ಹಿಡಿದು ತೋರಿಸುತ್ತಿದ್ದಳು. ಬಾಬುಲಾಲ ಬಂದು, “ಬಾಯಾರ, ಸಿನೆಮಾ ನಡದೈತ್ರಿ” ಅಂದ.

“ನಡೀಲಿ ಬಿಡ್ರಿ. ನಾವೇನ ಅಡ್ಡ ಬಂದೇವೇನು?” ಅಂದಳು ಇಂದುಬಾಯಿ.

ಹೊರಗೆ ಬಂದ ಮೇಲೆ ಯಾರೂ ಶ್ರೀಶೈಲಪ್ಪನ ಎದುರು ಏನೂ ಅನ್ನಲಿಲ್ಲ. ಸಿಂದಗಿಯ ಜನ ಹಾಗೆ ಸುಮ್ಮನಿರುವುದು ಯಾರಾದರೂ ಸತ್ತು ಅವರ ಮಣ್ಣಿಗೆ ಹೋದಾಗ ಮಾತ್ರ. ಕೊನೆಗೆ ಅವನೇ ಅಂದ: “ರೀಲ ಹಿಂದಮುಂದ ಆಗ್ಯಾವ. ಬಾಬುಲಾಲನ ಆಪರೇಟರಗ ಏನೂ ತಿಳಿಯೂದಿಲ್ಲ.”

ನಾಲ್ಕು ದಿನಕ್ಕೆ ಸಿನೆಮಾ ಸಿಂದಗಿಯಿಂದ ಎದ್ದಿತು. ಬಸವನ ಬಾಗೇವಾಡಿಗೆ ಹೋಯಿತು. ಶ್ರೀಶೈಲಪ್ಪ ಅದರ ಹಿಂದೆ ಬಾಗೇವಾಡಿಗೆ ಹೋದ. ಅಲ್ಲಿ ರೀಲುಗಳೂ ಅದೇ ಕ್ರಮದಲ್ಲಿದ್ದವು, ಸೀಸೆಪ್ಪನೂ ಅದೇ ಗುಂಡಿಯಲ್ಲಿ ಬಿದ್ದ. ಬಂದು, “ಸೌಂಡ ಸರಿ ಇಲ್ಲ. ಮಾತಿನ್ಯಾಗಿನ ಅರ್ಥ ಕೇಳಸೂದೇ ಇಲ್ಲ” ಅಂದ. ಸಿನೆಮಾ ಮುದ್ದೇಬಿಹಾಳಕ್ಕೆ ಹೋಯಿತು, ಇವನೂ ಹೋದ. ಮೂರು ವರ್ಷದ ಹಿಂದೆ ಸತ್ಕಾರ ಮಾಡಿದ ಊರು. ಎರಡನೇ ದಿನಕ್ಕೆ ಟಾಕೀಜಿನಲ್ಲಿ ಹದಿನಾಲ್ಕು ಜನ. ಅವರಲ್ಲಿ ಸತ್ಕಾರ ಸಮಿತಿಯವರು ಯಾರೂ ಇರಲಿಲ್ಲ. ಅಲ್ಲಿಂದ ಬಂದವನು, ಸೆನ್ಸಾರಿನವರು ಮುಖ್ಯವಾದ ಭಾಗ ಕತ್ತರಿಸಿದ್ದಾರೆಂದು ಪತ್ತೆಹಚ್ಚಿದ್ದ.

ಇತ್ತ ದವಾಖಾನೆಗೆ ದನ ಹೊಡೆದುಕೊಂಡು ಬಂದವರು ಬಾಗಿಲಲ್ಲಿ ನಿಂತು, “ಸೀಸೆಪ್ಪನವರು ಅದಾರೇನ್ರಿ?” ಎಂದು ಕೇಳಲು ಶುರುಮಾಡಿದರು. ಅವರಿಗೆ ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಅದು ಇನ್ನೂ ತ್ರಾಸಿನದು.

ಶ್ರೀಶೈಲಪ್ಪ ಮದ್ರಾಸಿಗೆ ಆರು ಪುಟದ ಪತ್ರ ಬರೆದ. ಸಿಟ್ಟಿನ ಪತ್ರವಲ್ಲ, ಚಿತ್ರದ ಒಳ ಅರ್ಥ ದಯವಿಟ್ಟು ತಿಳಿಸಬೇಕು, ನಾಯಿಮರಿ ಯಾವುದರ ಸಂಕೇತ ಎಂಬ ಪತ್ರ. ಈ ಸಲ ಉತ್ತರ ಬಂತು. ನಾಯಕ ನಾಯಕಿಯ ಬಣ್ಣದ ಫೋಟೋ, ಹಿಂದೆ ಅಚ್ಚಾದ ಒಂದು ಸಾಲು: ‘ನಿಮ್ಮ ಅಭಿಮಾನಕ್ಕೆ ನಾವು ಚಿರಋಣಿ.’ ಇಂದುಬಾಯಿ ಅದನ್ನು ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಳವಾಗಿ ಇಟ್ಟಳು. ಅಳತೆ ಸರಿಯಾಗಿ ಕೂತಿತು.

ಕೊನೆಗೆ ಸಿನೆಮಾ ಇಂಡಿಗೆ ಬಂತು. ಶ್ರೀಶೈಲಪ್ಪ ನಾಲ್ಕನೇ ಸಲ ಹೊರಟ. “ನಾಕ ತಾಲೂಕ ಅಡ್ಡಾಡಿದ್ರ ನಾಯಿ ಎಮ್ಮಿ ಆಗ್ತೈತೇನ್ರಿ?” ಎಂದು ಇಂದುಬಾಯಿ ಬುತ್ತಿ ಕಟ್ಟಿಕೊಟ್ಟಳು.

ಇಂಡಿಯ ಟಾಕೀಜಿನಲ್ಲಿ ಅವನ ಪಕ್ಕಕ್ಕೆ ಗುಡುಸಾಬ ಎಂಬ ದನದ ವ್ಯಾಪಾರಿ ಕೂತಿದ್ದ. ಅಜಮಾಸು ಅರವತ್ತು ವರ್ಷದವನು. ಸೀಸೆಪ್ಪ ಬಂದಾಗಲೆಲ್ಲ ತೊಡೆ ತಟ್ಟಿ ನಗುವನು. ಉಳಿದವರು ಬಂದರೆ ಕಣ್ಣು ಮುಚ್ಚಿ ಕೂಡುವನು. ಮಧ್ಯಂತರದಲ್ಲಿ ಬೀಡಿ ಹಚ್ಚಿ ತಾನಾಗಿಯೇ ಹೇಳಿದ:

“ಆ ಕಂಪೌಂಡರ ಒಬ್ಬಾಂವ ಇರದಿದ್ರ ನಾ ಎದ್ದ ಹೋಗಿರ್ತಿದ್ದೆ ನೋಡ್ರಿ. ಉಳಿದಾವೆಲ್ಲಾ ಬೊಂಬಿ. ಮನಷ್ಯಾ ಅಂತ ಇದ್ರ ಅಂವೊಬ್ಬನs.”

“ಅವನ್ನ ಹುಚ್ಚನ್ನ ಮಾಡ್ಯಾರಲ್ರಿ” ಅಂದ ಶ್ರೀಶೈಲಪ್ಪ.

“ಮಾಡ್ಯಾರ, ಮಾಡ್ಯಾರ. ಮಾಡಿದಾಂವ ಶ್ಯಾಣ್ಯಾ ಅಲ್ಲ. ಎಮ್ಮಿ ಮಗ್ಗಲಕ ಹೆಂಗ ನಿಂದರಬೇಕು ಅಂತ ಆ ಸೀಸೆಪ್ಪಗ ಗೊತ್ತೈತಿ. ತೆಗದಾವಗ ಗೊತ್ತಿಲ್ಲ. ಅದಕ್ಕs ಎಮ್ಮಿ ಒದ್ದದ್ದು ಸುಳ್ಳ ಕಾಣತೈತಿ. ಹಿಂದಿನ ಕಾಲಿಂದ ಎಮ್ಮಿ ಹಂಗ ನೆಟ್ಟಗ ಹಿಂದಕ ಒದಿಯೂದಿಲ್ಲ.”

“ಒದಿಯೂದಿಲ್ಲ” ಅಂದ ಶ್ರೀಶೈಲಪ್ಪ. “ಬಾಜೂಕ ಬೀಸತೈತಿ.”

“ಹಾಂ. ನಿಮಗ ತಿಳೀತದ.”

ಶ್ರೀಶೈಲಪ್ಪ ಮಧ್ಯಂತರದ ನಂತರ ಒಳಗೆ ಹೋಗಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ, ಗುಡುಸಾಬನಿಗೂ ಒಂದು ರೊಟ್ಟಿ ಕೊಟ್ಟು, ಊಟ ಮಾಡಿ ಬಸ್ಸು ಹತ್ತಿದ. ಮನೆಗೆ ಬಂದು ಚಪ್ಪಲಿ ಬಿಡುತ್ತ, “ಸಿನೆಮಾ ಚಲೋ ಇಲ್ಲ” ಅಂದ. ಹದಿಮೂರು ವರ್ಷದಲ್ಲಿ ಹಣಮಂತ್ರಾಯರ ಬಗ್ಗೆ ಅವನ ಬಾಯಿಂದ ಬಂದ ಮೊದಲ ಟೀಕೆ ಅದು. ಇಂದುಬಾಯಿ ಕಾಲಿಗೆ ನೀರು ಕೊಟ್ಟಳು.

ಮರುವರ್ಷ ಸುಗ್ಗಿ ಮುಗಿದ ಹೊತ್ತಿಗೆ ಹಣಮಂತ್ರಾಯರು ಬಂದರು. ಸುದ್ದಿ ಕೊಟ್ಟಿರಲಿಲ್ಲ. ಈ ಸಲ ಕಾರು ಇರಲಿಲ್ಲ, ಬಸ್ಸಿನಲ್ಲಿ ಬಂದಿದ್ದರು. ಮುದ್ದೇಬಿಹಾಳದಲ್ಲಿ ಅಣ್ಣತಮ್ಮಂದಿರ ಹೊಲದ ತಂಟೆ ಮುಗಿಸಿ ಹೊರಟಿದ್ದರಂತೆ. ಬಾಗಿಲಲ್ಲಿ ನಿಂತು, “ಊಟ ಸಿಗಬಹುದೇ?” ಎಂದು ಕೇಳಿದರು. ಶ್ರೀಶೈಲಪ್ಪ ನನ್ನನ್ನು ಕರೆಯಲು ಓಡಿ ಬಂದ. ಒಬ್ಬನೇ ಅವರೆದುರು ಕೂಡಲು ಅವನಿಗೆ ಧೈರ್ಯ ಸಾಲಲಿಲ್ಲ ಎಂದು ಕಾಣುತ್ತದೆ.

ಎರಡು ರೊಟ್ಟಿಯತನಕ ಮಳೆ, ಜೋಳ, ಬಸ್ಸು ಎಂದು ಮಾತು ನಡೆಯಿತು. ಮೂರನೆಯ ರೊಟ್ಟಿ ಹಾಕುತ್ತ ಇಂದುಬಾಯಿ ಕೇಳಿದಳು: “ನಮ್ಮ ಎಮ್ಮಿ ಎಲ್ಲಿ ಹೋತ್ರಿ?”

ಹಣಮಂತ್ರಾಯರು ಸಿದ್ಧವಾಗಿಯೇ ಬಂದಿದ್ದರು. ನಿರ್ಮಾಪಕರು ಎಮ್ಮೆ ಬೇಡವೆಂದರು. ನಾಯಕಿಗೆ ಅದರ ವಾಸನೆ ಆಗಿಬರುತ್ತಿರಲಿಲ್ಲ. ಹಂಚಿಕೆದಾರರಿಗೆ ಹೆರಿಗೆಯ ದೃಶ್ಯ ಅಶ್ಲೀಲವೆನಿಸಿತು. ಈಗಿನ ಪ್ರೇಕ್ಷಕರ ಅಭಿರುಚಿ ಕೆಟ್ಟಿದೆ. ಶ್ರೀಶೈಲಪ್ಪ ಒಂದೊಂದಕ್ಕೂ ತಲೆಯಾಡಿಸಿದ. ಆ ಪ್ರೇಕ್ಷಕರಲ್ಲಿ ತಾನೂ ಒಬ್ಬನೆಂದು ಅವನು ನೆನಪಿಸಲಿಲ್ಲ.

“ಅಂದ್ರ ಎಲ್ಲಾರೂ ಕೂಡಿ ಹೊರಗ ಹಾಕಿದ್ರು ಅನ್ರಿ” ಅಂದಳು ಇಂದುಬಾಯಿ. “ನೀವೊಬ್ರs ಬೇಕಂದ್ರಿ.”

ಹಣಮಂತ್ರಾಯರು ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟರು. ಬಾಯಿ ತೆಗೆದಾಗ ಮದ್ರಾಸಿನ ಮಾತು ಉದುರಿಹೋಗಿತ್ತು.

“ಇಲ್ಲವಾ. ನಾನs ತಗದ ಹಾಕಿದೆ. ಮೂರ ದಿವಸ ಎಮ್ಮಿ ಮುಂದ ಕ್ಯಾಮೆರಾ ಇಟ್ಟಿದ್ದೆ. ನನಗ ಏನೂ ಕಾಣಲಿಲ್ಲ. ಹಗೇವು ತೆಗಿಯೂ ಮುಂದ ಬರೇ ನೆಲಾ ನೋಡಿದ್ರೂ ಏನರ ಕಾಣತಿತ್ತು. ನಾಯಿಮರಿ ತೋರಸಾಕ ನನಗ ಏನೂ ಕಾಣಬೇಕಾಗಿಲ್ಲ ನೋಡು. ಅದಕ್ಕ ಅದನ್ನ ತಂದೆ.”

ಶ್ರೀಶೈಲಪ್ಪನ ಕಣ್ಣಲ್ಲಿ ನೀರು ಬಂತು. ಹಿಂಡಿ ಖಾರವಾಗಿದೆ ಎಂದು ಯಾರೂ ಕೇಳದೆಯೇ ಹೇಳಿದ. ಇಂದುಬಾಯಿ ಎದ್ದು ಹೋಗಿ ಗಟ್ಟಿ ಮೊಸರು ತಂದು, ಗಂಡನಿಗೆ ಹಾಕದೆ, ಹಣಮಂತ್ರಾಯರ ತಾಟಿಗೆ ಬಗ್ಗಿಸಿದಳು.

“ಆ ಸೀಸೆಪ್ಪಾನ್ನ ಮಾತ್ರ ಹಂಗ ಮಾಡಬಾರದಿತ್ರಿ” ಅಂದಳು.

“ಬಾರದಿತ್ತು” ಅಂದರು ಅವರು. ಮತ್ತೆ ಒಂದು ರೊಟ್ಟಿ ಹಾಕಿಸಿಕೊಂಡರು.

ಶ್ರೀಶೈಲಪ್ಪನೂ ನಾನೂ ಅವರ ಚೀಲ ಹಿಡಿದು ಸ್ಟ್ಯಾಂಡಿನವರೆಗೆ ಹೋದೆವು. ಗುಲಬರ್ಗಾ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಹಣಮಂತ್ರಾಯರು ತಿರುಗಿದರು.

“ಮತ್ತ ಯಾವುದರ ಕಥಿ ಐತೇನು ನಿನ್ನ ಕಡೆ? ಈ ಸಲ ಖರೇನs ಹಂಗಿಂದಂಗ ಮಾಡತೇನಿ.”

ಶ್ರೀಶೈಲಪ್ಪ ಅವರ ಮುಖ ನೋಡಿದ. ಚೀಲವನ್ನು ಒಳಗೆ ಕೊಟ್ಟ. “ಇಲ್ರಿ” ಅಂದ. “ಮನ್ಯಾಗ ಇದ್ದದ್ದು ಅದೊಂದs.”

ಬಸ್ಸು ಹೋಯಿತು. ಇಬ್ಬರೂ ದವಾಖಾನೆಯ ಕಡೆ ನಡೆದೆವು. ಪೋಸ್ಟ್ ಆಫೀಸು ದಾಟುವಾಗ ಅವನು ತಾನಾಗಿಯೇ ಯಂಕಂಚಿಯ ಒಬ್ಬ ಗೌಡತಿ, ಅವಳ ಹೋರಿ ಮತ್ತು ಒಬ್ಬ ರೆವಿನ್ಯೂ ಇನ್ಸ್‌ಪೆಕ್ಟರನ ಒಂದು ಸಂಗತಿ ಹೇಳಲು ಶುರುಮಾಡಿದ. ದವಾಖಾನೆ ಬಂದರೂ ಮುಗಿಯಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿದೆ. ಎಮ್ಮೆಯ ಕಥೆಗಿಂತ ಎರಡು ಪಟ್ಟು ಚೆನ್ನಾಗಿತ್ತು. ಯಾರ ಮುಂದೆಯೂ ಬಾಯಿಬಿಡಬೇಡ ಎಂದಿದ್ದಾನೆ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.